ಮೇಜಿನ ಮೇಲಿನ ಕಂಪ್ಯೂಟರ್ ಕುರಿತು ಗೆಳೆಯನಿಗೊಂದು ಪತ್ರ

ಚಾಮರಾಜಪೇಟೆ, ಬೆಂಗಳೂರು

ಪ್ರಿಯ ಗೆಳೆಯ ಶ್ರೀಧರನಿಗೆ,

ವಂದನೆಗಳು. ಕಚೇರಿಯ ಹಳೆಯ ಡೆಸ್ಕ್‌ಟಾಪನ್ನು ಯಾರಿಗಾದರೂ ಕೊಟ್ಟು ಲ್ಯಾಪ್‌ಟಾಪ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀಯ. ‘ಈ ಕಾಲದಲ್ಲಿ ಡೆಸ್ಕ್‌ಟಾಪ್ ಯಾರು ಇಟ್ಟುಕೊಳ್ಳುತ್ತಾರೆ ಮಾವ’ ಎಂದು ನಿನ್ನ ಸೋದರಳಿಯ ನಕ್ಕದ್ದನ್ನೂ ಬರೆದಿದ್ದೀಯ. ಕೊಡಬೇಡ ಎಂಬುದು ನನ್ನ ಉತ್ತರ. ಆದರೆ ಅದಕ್ಕೆ ಕಾರಣ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ, ಯಾಕೆಂದರೆ ನಿನ್ನ ಅಳಿಯನ ಮಾತಿನಲ್ಲಿ ಅರ್ಧ ಸತ್ಯವಿದೆ.

ನಾವಿಬ್ಬರೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮನೆಯಲ್ಲೊಂದು ಕಂಪ್ಯೂಟರ್ ಇದ್ದರೆ ಅದು ಮನೆಯವರೆಲ್ಲರಿಗೂ ಸೇರಿದ್ದಾಗಿತ್ತು. ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಮದರ್‌ಬೋರ್ಡಿಗೊಂದು ಚೌಕಾಸಿ, ಕ್ಯಾಬಿನೆಟ್ಟಿಗೊಂದು ಚೌಕಾಸಿ ಮಾಡಿ, ಅಲ್ಲೇ ಅಸೆಂಬಲ್ ಮಾಡಿಸಿ ಆಟೋದಲ್ಲಿ ತಂದ ಆ ಯಂತ್ರಕ್ಕೆ ಹಾಲಿನಲ್ಲಿ ಟಿವಿಯ ಪಕ್ಕದ ಜಾಗ, ಒಂದು ಪ್ಲಾಸ್ಟಿಕ್ ಹೊದಿಕೆ, ಕರೆಂಟು ಹೋದರೆ ಕೀಚಲು ದನಿಯಲ್ಲಿ ಕೂಗಿಕೊಳ್ಳುವ ಒಂದು ಯುಪಿಎಸ್ ಮೀಸಲಾಗಿರುತ್ತಿದ್ದವು. ಪಿಯುಸಿ ಫಲಿತಾಂಶ ನೋಡುವುದು, ರೈಲು ಟಿಕೆಟ್ ಕಾಯ್ದಿರಿಸುವುದು, ಹಾಡು ಕೇಳುವುದು, ಮದುವೆಯ ಫೋಟೊಗಳನ್ನು ನೆಂಟರಿಗೆ ತೋರಿಸುವುದು, ಎಲ್ಲವೂ ಅದರಲ್ಲೇ. ಇವೆಲ್ಲ ಈಗ ಫೋನಿಗೆ ಹೋಗಿವೆ, ಹೋದದ್ದು ಒಳ್ಳೆಯದೇ ಆಯಿತು. ಹೀಗಾಗಿ ಮನೆಯ ಹಾಲಿನಿಂದ ಡೆಸ್ಕ್‌ಟಾಪ್ ಎದ್ದುಹೋಗಿದೆ ಎಂಬಷ್ಟರ ಮಟ್ಟಿಗೆ ನಿನ್ನ ಅಳಿಯ ಹೇಳಿದ್ದು ಸರಿ.

ಆದರೆ ಬೆಂಗಳೂರಿನಲ್ಲಿ ಒಂದು ಸುತ್ತು ಹಾಕಿ ನೋಡು. ಔಷಧಿ ಅಂಗಡಿಯ ಬಿಲ್ಲಿನ ಹಿಂದೆ, ಬೆಂಗಳೂರು ಒನ್ ಕೇಂದ್ರದ ಕೌಂಟರಿನಲ್ಲಿ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕಟ್ಟಡದ ನಕ್ಷೆ ತೆಗೆಯುವ ಎಂಜಿನಿಯರನ ಕೊಠಡಿಯಲ್ಲಿ, ನಮ್ಮ ಬೀದಿಯ ಡಿಟಿಪಿ ಅಂಗಡಿಗಳಲ್ಲಿ ದಿನವಿಡೀ ಉರಿಯುತ್ತಿರುವುದು ಡೆಸ್ಕ್‌ಟಾಪೇ. ಪುಸ್ತಕಗಳ ಪುಟವಿನ್ಯಾಸ ಮಾಡಿ ಬದುಕುವ ನನಗೆ ಎರಡು ಪುಟಗಳನ್ನು ಪಕ್ಕಪಕ್ಕದಲ್ಲಿ ಪೂರ್ಣ ಅಳತೆಯಲ್ಲಿ ತೋರಿಸುವ ಪರದೆ ಬೇಕು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ನಿನಗೆ ಒಂದು ಕಡೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ, ಇನ್ನೊಂದು ಕಡೆ ಎಕ್ಸೆಲ್, ಮತ್ತೊಂದು ಕಡೆ ಪೋರ್ಟಲ್ ತೆರೆದಿರಬೇಕು, ಅಂಕಿಗಳಿಗಾಗಿಯೇ ಪ್ರತ್ಯೇಕ ಕೀಲಿಗಳಿರುವ ಕೀಬೋರ್ಡ್ ಕೈಕೆಳಗಿರಬೇಕು. ಎಲ್ಲರ ಪಾಲಿಗೂ ಎಲ್ಲವೂ ಆಗಿದ್ದ ಯಂತ್ರ ಈಗ ದುಡಿಯುವವರ ಕೈಯ ಉಪಕರಣವಾಗಿ ಉಳಿದಿದೆ. ನನ್ನ ತಕರಾರು ಹುಟ್ಟುವುದು ಇಲ್ಲಿಂದಲೇ: ಡೆಸ್ಕ್‌ಟಾಪ್ ಯಾವಾಗ ಕೇವಲ ಕೆಲಸಗಾರರ ಬಳಿ ಉಳಿಯತೊಡಗಿತೋ ಸರಿಯಾಗಿ ಅದೇ ಹೊತ್ತಿಗೆ ಅದರ ಆಪರೇಟಿಂಗ್ ಸಿಸ್ಟಮ್ ತಯಾರಿಸುವವರು ಅದಕ್ಕೆ ಫೋನಿನ ವೇಷ ತೊಡಿಸಲು ಹೊರಟರು.

2010ರಲ್ಲಿ ಐಪ್ಯಾಡ್ ಬಂತು. ಅದರ ಮರುವರ್ಷವೇ, ಯಾರೋ ಗಂಟೆ ಬಾರಿಸಿದಂತೆ, ಎಲ್ಲ ಕಡೆಯೂ ಒಡೆದು ಕಟ್ಟುವ ಕೆಲಸ ಶುರುವಾಯಿತು. 2011ರ ಏಪ್ರಿಲಿನಲ್ಲಿ, ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿಗೆ ಪರದೆಯ ಮೇಲಿನ ಮುಖವಾಗಿ ಬಂದ ಗ್ನೋಮ್ 3 ಕಿಟಕಿಯನ್ನು ಕೆಳಗಿಳಿಸುವ ಗುಂಡಿಯನ್ನೇ ತೆಗೆದುಹಾಕಿತು. ಅದೇ ತಿಂಗಳು ಲಿನಕ್ಸಿನದೇ ಒಂದು ರೂಪವಾದ ಉಬುಂಟು ತನ್ನ ಬಳಕೆದಾರರ ಮುಂದೆ ಯೂನಿಟಿ ಎಂಬ ಹೊಸ ಮುಖವನ್ನು ತಂದಿಟ್ಟಿತು. ಜುಲೈನಲ್ಲಿ ಬಂದ ಆಪಲ್‌ನ ಮ್ಯಾಕ್ ಆವೃತ್ತಿ ಲಯನ್, ಸ್ಕ್ರೋಲ್ ಮಾಡುವ ದಿಕ್ಕನ್ನೇ ತಿರುವುಮುರುವು ಮಾಡಿ, ಸ್ಕ್ರೋಲ್ ಪಟ್ಟಿಯನ್ನು ಕಣ್ಣಿಗೆ ಕಾಣದಂತೆ ಮರೆಮಾಡಿತು. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ, 1995ರಿಂದ ಎಡಗಡೆಯ ಕೆಳಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿಯೇ ಮಾಯವಾಗಿತ್ತು.

ಆ ವಿಂಡೋಸ್ 8ರಲ್ಲಿ ಕಂಪ್ಯೂಟರನ್ನು ಆಫ್ ಮಾಡುವ ಬಗೆ ನಿನಗೆ ನೆನಪಿರಬಹುದು. ಮೌಸನ್ನು ಪರದೆಯ ಬಲಮೂಲೆಗೆ ಒಯ್ಯಬೇಕು. ಆಗ ಬದಿಯಿಂದ ಒಂದು ಪಟ್ಟಿ ಹೊರಬರುತ್ತದೆ, ಅದರಲ್ಲಿ ಸೆಟ್ಟಿಂಗ್ಸ್, ಸೆಟ್ಟಿಂಗ್ಸ್ ಒಳಗೆ ಪವರ್, ಪವರಿನ ಒಳಗೆ ಶಟ್‌ಡೌನ್. ಬೆರಳಿನಿಂದ ಪರದೆಯನ್ನು ಸವರುವವನಿಗೆ ಇದರಲ್ಲಿ ಏನೋ ಒಂದು ತರ್ಕವಿದ್ದೀತು. ಕೌಂಟರಿನಲ್ಲಿ ಮೌಸ್ ಹಿಡಿದು ಕುಳಿತ ಗುಮಾಸ್ತರಿಗೆ ಮೂಲೆಯಲ್ಲಿ ಏನೋ ಅಡಗಿದೆ ಎಂದು ತಿಳಿಯುವುದಾದರೂ ಹೇಗೆ? ಒಂದು ವರ್ಷದಲ್ಲಿ 8.1 ಬಂದು ಗುಂಡಿಯನ್ನು ಮರಳಿಸಿತು. ಅದನ್ನು ಒತ್ತಿದರೆ ತೆರೆದುಕೊಳ್ಳುವ ಪಟ್ಟಿ ಹಿಂತಿರುಗಲು 2015ರ ವಿಂಡೋಸ್ 10ರವರೆಗೆ ಕಾಯಬೇಕಾಯಿತು.

ಲಿನಕ್ಸಿನ ಕಡೆಯವರು ಸುಮ್ಮನೆ ಕಾಯಲಿಲ್ಲ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಗ್ನೋಮ್ 3ನ್ನು ಬಹಿರಂಗವಾಗಿಯೇ ಬೈದು ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಮುಖಕ್ಕೆ ಹೋದರು. ಗ್ನೋಮ್ 2ರ ಹಳೆಯ ಕೋಡನ್ನೇ ಎತ್ತಿಕೊಂಡು ಕೆಲವರು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸಿನ ಇನ್ನೊಂದು ರೂಪವಾದ ಲಿನಕ್ಸ್ ಮಿಂಟ್‌ನವರು ಸಿನಮನ್ ಎಂಬ ತಮ್ಮದೇ ಮುಖವನ್ನು ಕಟ್ಟಿಕೊಂಡರು. ಯೂನಿಟಿಯನ್ನು ಕೈಬಿಡುತ್ತೇವೆಂದು 2017ರಲ್ಲಿ ಉಬುಂಟುವಿನವರೇ ಘೋಷಿಸಿದರು. ಬೇಡವೆಂದವರಿಗೆ ಹಳೆಯದನ್ನು ಉಳಿಸಿಕೊಳ್ಳುವ ಹಕ್ಕು ಮತ್ತು ಸಾಮರ್ಥ್ಯ ಎರಡೂ ಇದ್ದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವಿಂಡೋಸನ್ನೋ ಮ್ಯಾಕನ್ನೋ ಹಣ ಕೊಟ್ಟು ಕೊಂಡವರಿಗೆ ಆ ಹಕ್ಕು ಸಿಗಲಿಲ್ಲ ಎಂಬುದು ವಿಚಿತ್ರವಾದರೂ ನಿಜ.

ಈಗಿನ ವಿಂಡೋಸ್ 11ರಲ್ಲಿ ನಾನು ದಿನವೂ ಗಮನಿಸುವ ಒಂದು ಸಣ್ಣ ವಿಷಯವನ್ನು ಹೇಳುತ್ತೇನೆ. ಸ್ಟಾರ್ಟ್ ಗುಂಡಿ ಮೂಲೆಯನ್ನು ಬಿಟ್ಟು ಪರದೆಯ ಕೆಳಗಿನ ಪಟ್ಟಿಯ ನಡುವಿನ ಚಿತ್ರಗಳ ಗುಂಪಿಗೆ ಬಂದಿದೆ. ಗುಂಪು ಯಾವಾಗಲೂ ನಟ್ಟನಡುವೆ ನಿಲ್ಲಬೇಕಾದ್ದರಿಂದ ನೀನು ಹೊಸ ಪ್ರೋಗ್ರಾಂ ತೆರೆದಂತೆಲ್ಲ ಗುಂಡಿ ಎಡಕ್ಕೆ ಸರಿಯುತ್ತದೆ, ಮುಚ್ಚಿದಂತೆಲ್ಲ ಬಲಕ್ಕೆ ಬರುತ್ತದೆ. ಬೆಳಿಗ್ಗೆ ಇದ್ದ ಜಾಗದಲ್ಲಿ ಮಧ್ಯಾಹ್ನ ಅದು ಇರುವುದಿಲ್ಲ. ಒಂದು ಗುರಿಯನ್ನು ತಲುಪಲು ಕೈಗೆ ಹಿಡಿಯುವ ಸಮಯ ಅದರ ದೂರವನ್ನೂ ಗಾತ್ರವನ್ನೂ ಅವಲಂಬಿಸಿದೆ ಎಂದು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ತೋರಿಸಿಕೊಟ್ಟಿದ್ದರು. ಈ ಲೆಕ್ಕದಲ್ಲಿ ಪರದೆಯ ಮೂಲೆ ಅತ್ಯಂತ ಸುಲಭದ ಗುರಿ: ಮೌಸನ್ನು ಎಷ್ಟೇ ಜೋರಾಗಿ ಎಳೆದರೂ ಬಾಣದ ಗುರುತು ಮೂಲೆಯನ್ನು ದಾಟಿ ಹೋಗಲಾರದು, ಕಣ್ಣು ಕಾಗದದ ಮೇಲಿದ್ದರೂ ಕೈ ಅಲ್ಲಿಗೆ ತಲುಪುತ್ತದೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕೋಟ್ಯಂತರ ಜನರ ಕೈ ಕಲಿತಿದ್ದ ಆ ಮೂಲೆಯನ್ನು ಬಿಟ್ಟು, ನಿಂತಲ್ಲಿ ನಿಲ್ಲದ ಜಾಗಕ್ಕೆ ಗುಂಡಿಯನ್ನು ಒಯ್ದದ್ದರಿಂದ ಚೆಂದದ ಹೊರತು ಯಾವ ಅನುಕೂಲವಾಯಿತು ಎಂದು ನಾನು ಇನ್ನೂ ಕೇಳಿಕೊಳ್ಳುತ್ತಿದ್ದೇನೆ. (ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಮತ್ತೆ ಎಡಕ್ಕೆ ತರಬಹುದು. ಹೊಸ ಯಂತ್ರ ಬಂದ ದಿನವೇ ಅದನ್ನು ಮಾಡು.)

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. 2021ರಲ್ಲಿ ವಿಂಡೋಸ್ 11 ಬಂದಾಗ ತೆರೆದಿಟ್ಟ ಕಡತಗಳ ಹೆಸರುಗಳನ್ನು ಕೆಳಗಿನ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ತೋರಿಸುವ ಸೌಲಭ್ಯವನ್ನೇ ತೆಗೆದಿದ್ದರು. ನಿನ್ನಂತೆ ಏಕಕಾಲಕ್ಕೆ ಹಲವು ಎಕ್ಸೆಲ್ ಹಾಳೆಗಳನ್ನು ತೆರೆದಿಟ್ಟುಕೊಳ್ಳುವವನು ಒಂದೇ ಹಸಿರು ಚಿತ್ರದ ಮೇಲೆ ಮೌಸ್ ನಿಲ್ಲಿಸಿ ಯಾವುದು ಯಾರ ಲೆಕ್ಕವೆಂದು ಹುಡುಕಬೇಕಾಯಿತು. ಜನ ಗೊಣಗಿದರು, 2023ರಲ್ಲಿ ಆ ಸೌಲಭ್ಯ ಮರಳಿತು. ಬಲಗುಂಡಿ ಒತ್ತಿದರೆ ಬರುವ ಪಟ್ಟಿಯನ್ನು ಮೊಟಕುಗೊಳಿಸಿ ಉಳಿದದ್ದನ್ನು ‘ಇನ್ನಷ್ಟು ಆಯ್ಕೆಗಳು’ ಎಂಬ ಇನ್ನೊಂದು ಬಾಗಿಲಿನ ಹಿಂದೆ ಇಟ್ಟರು. ಯಂತ್ರದ ಹೊಂದಾಣಿಕೆಗಳೆಲ್ಲ ಇರುವ ಕಂಟ್ರೋಲ್ ಪ್ಯಾನೆಲ್‌ನ ಕಥೆಯಂತೂ ಮುಗಿಯುವಂಥದ್ದಲ್ಲ. ಅದರ ಜಾಗಕ್ಕೆಂದು ಸೆಟ್ಟಿಂಗ್ಸ್ ತರಲು 2012ರಲ್ಲಿ ಶುರುಮಾಡಿದವರು ಇಂದಿಗೂ ಎರಡನ್ನೂ ಇಟ್ಟುಕೊಂಡಿದ್ದಾರೆ, ಹೊಸದರಲ್ಲಿ ನಾಲ್ಕು ಹೆಜ್ಜೆ ಹೋದ ಮೇಲೆ ಹಳೆಯ ಕಿಟಕಿಯೇ ತೆರೆದುಕೊಳ್ಳುವುದುಂಟು. ಆಪಲ್‌ನವರೂ ಹಿಂದೆ ಬಿದ್ದಿಲ್ಲ: 2022ರಲ್ಲಿ ಮ್ಯಾಕ್‌ನ ಸೆಟ್ಟಿಂಗ್ಸನ್ನು ಐಫೋನಿನ ಅಚ್ಚಿನಲ್ಲಿ ಎರಕಹೊಯ್ದು, ಅಗಲವಾದ ಪರದೆಯ ಮೇಲೆ ಉದ್ದನೆಯ ಕಿರಿದಾದ ಪಟ್ಟಿಯೊಂದನ್ನು ನಿಲ್ಲಿಸಿದರು.

ನಮ್ಮ ಬೀದಿಯ ಮುದ್ರಣಾಲಯಗಳಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರನ್ನು ನೀನೂ ನೋಡಿದ್ದೀಯ. ಒತ್ತಕ್ಷರ, ಗುಣಿತಾಕ್ಷರಗಳೆಲ್ಲ ಸೇರಿ ಮೊಳೆಗಳನ್ನಿಡುವ ಕನ್ನಡದ ಕೇಸಿನಲ್ಲಿ ಇಂಗ್ಲಿಷಿಗಿಂತ ಎಷ್ಟೋ ಪಾಲು ಹೆಚ್ಚು ಖಾನೆಗಳು. ಹಸ್ತಪ್ರತಿಯ ಮೇಲಿಟ್ಟ ಕಣ್ಣನ್ನು ತೆಗೆಯದೆಯೇ ಅವರ ಕೈ ‘ಕ್ಷ’ದ ಖಾನೆಗೆ ಹೋಗಿ ಬರುತ್ತಿತ್ತು. ಒಂದು ಬೆಳಿಗ್ಗೆ ಮಾಲೀಕರು ಕೇಸಿನ ಖಾನೆಗಳನ್ನೆಲ್ಲ ನೋಡಲು ಚೆಂದವಾಗಿರಲೆಂದು ಬದಲಿಸಿ ಇಟ್ಟಿದ್ದರೆ ಆ ದಿನದ ಪುಟ ಹೊರಡುತ್ತಿತ್ತೇ? ಕೈ ಕಲಿತ ವಿದ್ಯೆ ಕೆಲಸಗಾರನ ಸ್ವಂತ ಆಸ್ತಿ, ಅದನ್ನು ಅವನು ವರ್ಷಗಟ್ಟಲೆ ದುಡಿದು ಗಳಿಸಿರುತ್ತಾನೆ. ಅವನನ್ನು ಒಂದು ಮಾತೂ ಕೇಳದೆ ರಾತ್ರೋರಾತ್ರಿ ಅಪ್‌ಡೇಟ್ ಹೆಸರಿನಲ್ಲಿ ಅದನ್ನು ಕಸಿಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನೋಡು. ಸರ್ಕಾರ ಒಪ್ಪಿ, ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ತಂತ್ರಾಂಶದಲ್ಲಿ ನೆಲೆಯಾದ ಆ ವಿನ್ಯಾಸ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ಒಳಗಿನ ಅಕ್ಷರಸಂಕೇತ ಹಳೆಯ ಫಾಂಟುಗಳದ್ದರಿಂದ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ಕೆ ಪೂರ್ತಿ ಬದಲಾದರೂ ಬೆರಳಿಗೆ ಅದು ಗೊತ್ತಾಗಲೇ ಇಲ್ಲ. ಬದಲಾವಣೆ ಎಂದರೆ ಹೀಗಿರಬೇಕು.

ಹೊಸದೆಲ್ಲ ಕೆಟ್ಟದ್ದೆಂದು ನಾನು ವಾದಿಸುತ್ತಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂದ ಮೇಲೆಯೇ ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವುದು ಸಾಧ್ಯವಾಯಿತು. ಭದ್ರತೆಯ ವಿಷಯದಲ್ಲಿ ಇಂದಿನ ವ್ಯವಸ್ಥೆಗಳು ಅಂದಿನವಕ್ಕಿಂತ ಎಷ್ಟೋ ಮೇಲು. ಇವೆಲ್ಲ ಅಡಿಪಾಯದ ಕೆಲಸಗಳು, ಇವುಗಳಿಗೆ ಗುಂಡಿಯ ಜಾಗ ಬದಲಿಸಬೇಕಾದ ಅಗತ್ಯವಿರಲಿಲ್ಲ. ಬಹುಶಃ ಅಡಿಪಾಯ ಗಟ್ಟಿಮಾಡಿದ್ದನ್ನು ಮೇಲಧಿಕಾರಿಗಳ ಸಭೆಯಲ್ಲಿ ತೋರಿಸಲಾಗುವುದಿಲ್ಲ, ಹೊಸ ಬಣ್ಣವನ್ನಾದರೆ ತೋರಿಸಬಹುದು. ಇದು ನನ್ನ ಊಹೆಯಷ್ಟೇ. ಈ ಊರಿನಲ್ಲಿ ಅಂಥ ಸಭೆಗಳಿಗೆ ಹೋಗುವವರು ಬೇಕಾದಷ್ಟು ಜನರಿದ್ದಾರೆ, ನಾನು ಹೀಗೆಂದಾಗ ಅವರಲ್ಲಿ ಕೆಲವರು ನಕ್ಕರೇ ಹೊರತು ಅಲ್ಲಗಳೆಯಲಿಲ್ಲ.

ಇನ್ನು ನಿನ್ನ ಯಂತ್ರದ ಮಾತು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅದಕ್ಕಿಂತ ಹೊಸ ಪೀಳಿಗೆಯ ಪ್ರೊಸೆಸರೂ ಬೇಕು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ನಿನ್ನದು ಅದಕ್ಕಿಂತ ಹಿಂದಿನದಾದ್ದರಿಂದ ಕೆಲಸಕ್ಕೆ ಸಾಕಷ್ಟು ಶಕ್ತಿಯಿದ್ದರೂ ಅನರ್ಹ. ಟ್ಯಾಲಿ ವಿಂಡೋಸ್‌ಗಾಗಿಯೇ ಇರುವ ತಂತ್ರಾಂಶ, ಸಹಿ ಹಾಕುವ ಡಿಜಿಟಲ್ ಟೋಕನ್ನಿಗೂ ಅಲ್ಲೇ ತೊಂದರೆ ಕಡಿಮೆ. ಆದ್ದರಿಂದ ಕಚೇರಿಯ ಕೆಲಸಕ್ಕೆ ಹೊಸದನ್ನೇ ತೆಗೆದುಕೊಳ್ಳುವುದು ಅನಿವಾರ್ಯ. ಆದರೆ ಸಿಪಿಯು ಪೆಟ್ಟಿಗೆ ಮಾತ್ರ ಹೊಸದು ಸಾಕು. ಮಾನಿಟರ್, ಕೀಬೋರ್ಡ್, ಯುಪಿಎಸ್ ಹಳೆಯವೇ ನಡೆಯುತ್ತವೆ. ಲ್ಯಾಪ್‌ಟಾಪಿನಲ್ಲಿ ಈ ಉಳಿತಾಯವಿಲ್ಲ, ಅಷ್ಟು ಚಿಕ್ಕ ಪರದೆಯ ಮುಂದೆ ದಿನವಿಡೀ ಬಗ್ಗಿ ಕುಳಿತರೆ ನಿನ್ನ ಕುತ್ತಿಗೆಯೂ ಉಳಿಯುವುದಿಲ್ಲ.

ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕನ್ನು ಹಾಕಿಸಿ ಲಿನಕ್ಸ್ ಮಿಂಟ್ ಸ್ಥಾಪಿಸು. ಸಿನಮನ್‌ನಲ್ಲಿ ಪಟ್ಟಿ ಕೆಳಗೇ ಇದೆ, ಗುಂಡಿ ಎಡಮೂಲೆಯಲ್ಲೇ ಇದೆ. ಪತ್ರಿಕೆ ಓದಲು, ಪತ್ರ ಬರೆಯಲು ನಿಮ್ಮ ಮಾವನವರಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗದು. ಡಿಸ್ಕ್ ಅಳಿಸುವ ಮೊದಲು ಟ್ಯಾಲಿಯ ದತ್ತಾಂಶವನ್ನು ಎರಡು ಕಡೆ ನಕಲು ಮಾಡಿಟ್ಟುಕೊ. ಹಳೆಯ ನುಡಿ ಫಾಂಟುಗಳಲ್ಲಿರುವ ಕನ್ನಡ ಕಡತಗಳನ್ನೂ ಯೂನಿಕೋಡಿಗೆ ಪರಿವರ್ತಿಸಿಕೊ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ಕಣ್ಣಾಡಿಸುವುದು ಒಳ್ಳೆಯದು. ಕಷ್ಟವೆನಿಸಿದರೆ ಪೆನ್‌ಡ್ರೈವಿನಲ್ಲಿ ಹಾಕಿ ಕಳುಹಿಸು, ಇಲ್ಲಿ ನಾನೇ ಮಾಡಿ ಕೊಡುತ್ತೇನೆ.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ,
ನಾಗರಾಜ