ಕೊಂಡಿಯ ಜೊತೆಗೆ ಶೀರ್ಷಿಕೆಯೂ ದಿನಾಂಕವೂ ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಓದಲು ಯೋಗ್ಯವಾದ ಜಾಲಪುಟಗಳ ಕೊಂಡಿಗಳನ್ನು ಕೊಡುವ ಪುಟ್ಟ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ. ಒಂದು ವಾರ ಖಗೋಳ, ಇನ್ನೊಂದು ವಾರ ಹಳೆಯ ನಾಣ್ಯ, ಮತ್ತೊಂದು ವಾರ ಕೀಟಗಳ ಬದುಕು ಎಂದು ವಿಷಯಗಳು ಹರಡಿಕೊಂಡಿರುವುದೇ ಅದರ ಸೊಗಸು. ಆದರೆ ಅಲ್ಲಿ ಕೊಂಡಿಗಳನ್ನು ಅಚ್ಚು ಮಾಡುವ ರೀತಿಯ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಅದನ್ನು ವಿವರಿಸಲು ನನ್ನ ಹಳೆಯ ವಹಿಯೊಂದರ ಸಂಗತಿಯನ್ನು ಹೇಳಬೇಕಾಗುತ್ತದೆ.

ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನು, ಅಂತರ್ಜಾಲದಲ್ಲಿ ಕಂಡ ಒಳ್ಳೆಯ ಬರಹಗಳ ವಿಳಾಸಗಳನ್ನು 2010ರಿಂದ ಉದ್ದನೆಯ ಖಾತೆ ವಹಿಯಲ್ಲಿ ಬರೆದಿಡುವ ರೂಢಿ ಮಾಡಿಕೊಂಡೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ವಿಗ್ರಹಕ್ಕೆ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಪತ್ತೆಯಾದ ವಿವರ, ಸಮೀಪದ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹದೊಡನೆ ಸಿಕ್ಕ ಅರಸನ ಶಿಲ್ಪದ ಚಿತ್ರ, ಬೀದರಿನ ನೌಬಾದ್ ಬಳಿಯ ಕರೇಜ್ ಎಂಬ ನೆಲದೊಳಗಿನ ನೀರಿನ ಸುರಂಗ, ಬಿದರಿ ಪಾತ್ರೆಗೆ ಕಪ್ಪು ಬಣ್ಣ ಬರಲು ಕೋಟೆಯ ಮಣ್ಣೇ ಏಕೆ ಬೇಕೆಂಬ ಚರ್ಚೆ, ತೊಗರಿಯ ನೆಟೆ ರೋಗ, ಮಂಗಳ ಗ್ರಹದ ಧೂಳು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ನೂರಾರು ವಿಷಯಗಳು ಅದರಲ್ಲಿವೆ. ಪಾಠಕ್ಕೆ ಇವುಗಳಲ್ಲಿ ಬಳಕೆಯಾದದ್ದು ಕಡಿಮೆ. ಹೆಚ್ಚಿನವನ್ನು ಕೇವಲ ಆಸೆಗೆ ಬರೆದಿಟ್ಟೆ.

ನಿವೃತ್ತಿಯ ನಂತರ, ಮಧ್ಯಾಹ್ನ ಹೊರಗೆ ಕಾಲಿಡಲಾಗದ ನಮ್ಮೂರಿನ ಬೇಸಿಗೆಯಲ್ಲಿ, ಆ ವಹಿಯನ್ನು ಮುಂದಿಟ್ಟುಕೊಂಡು ಮೊಮ್ಮಗಳ ನೆರವಿನಿಂದ ಒಂದೊಂದೇ ವಿಳಾಸವನ್ನು ತೆರೆದು ನೋಡಿದೆ. ಬಹಳಷ್ಟು ತೆರೆಯಲೇ ಇಲ್ಲ. ‘ಪುಟ ಸಿಗಲಿಲ್ಲ’ ಎಂಬ ಉತ್ತರವಾದರೂ ಪ್ರಾಮಾಣಿಕವಾದದ್ದು. ಅದಕ್ಕಿಂತ ಕೆಟ್ಟವು ಬೇರೆ ಇದ್ದವು. ತೊಗರಿ ಬೆಳೆಯ ಬಗ್ಗೆ ಸೊಗಸಾದ ಲೇಖನವಿದ್ದ ವಿಳಾಸದಲ್ಲಿ ಈಗ ರಮ್ಮಿ ಆಟದ ಜಾಹೀರಾತು ಕುಣಿಯುತ್ತಿದೆ. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್ ಎಂಬ ಅಕ್ಷರ ಸಂಕೇತ ಬಳಕೆಗೆ ಬರುವ ಮುಂಚಿನ ಅಕ್ಷರ ವಿನ್ಯಾಸಗಳಲ್ಲಿ ಕನ್ನಡವನ್ನು ಮೂಡಿಸಿದ್ದ ಕೆಲವು ಪುಟಗಳು ತೆರೆದುಕೊಂಡರೂ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯನ್ನು ತೋರಿಸಿದವು. ಅಂಥ ಪುಟದಲ್ಲಿರುವುದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲವಾದ್ದರಿಂದ, ಕನ್ನಡದಲ್ಲಿ ಹುಡುಕಿದವರಿಗೆ ಅದು ಸಿಗುವುದೂ ಇಲ್ಲ.

ಇದು ನನ್ನೊಬ್ಬನ ದುರದೃಷ್ಟವಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗದಂತಾಗಿದ್ದವು. ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಹಗೇವು, ಅಂದರೆ ಧಾನ್ಯ ಕೂಡಿಡುವ ನೆಲದೊಳಗಿನ ಗುಂಡಿ, ಇರುವ ಜಾಗವನ್ನು ಗುರುತಿಟ್ಟುಕೊಂಡ ಮಾತ್ರಕ್ಕೆ ಜೋಳ ಕೂಡಿಟ್ಟಂತೆ ಆಗುವುದಿಲ್ಲ. ನಾನು ಇಷ್ಟು ವರ್ಷ ಮಾಡಿದ್ದು ಜಾಗ ಗುರುತಿಡುವ ಕೆಲಸವನ್ನಷ್ಟೇ.

ಕೊಂಡಿಗಳನ್ನು ಕೂಡಿಡಲೆಂದೇ ಇರುವ ಸೇವೆಗಳನ್ನು ನಂಬಬಹುದಿತ್ತಲ್ಲ ಎಂದು ಕಿರಿಯರು ಕೇಳಬಹುದು. ಅವುಗಳ ಆಯುಸ್ಸೂ ದೊಡ್ಡದಲ್ಲ. ಮೆಚ್ಚಿನ ತಾಣಗಳ ಹೊಸ ಬರಹಗಳನ್ನು ಒಂದೆಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. 2003ರಲ್ಲಿ ಆರಂಭವಾಗಿ ಬಹಳ ಹೆಸರು ಮಾಡಿದ್ದ ಡೆಲಿಶಿಯಸ್ ಕೈಯಿಂದ ಕೈಗೆ ಮಾರಾಟವಾಗುತ್ತ ಕೊನೆಗೆ ನಿಂತೇಹೋಯಿತು. ಆಮೇಲೆ ಓದಿದರಾಯಿತೆಂದು ಲಕ್ಷಾಂತರ ಜನ ಬರಹಗಳನ್ನು ತುಂಬಿಟ್ಟಿದ್ದ ಪಾಕೆಟ್, 2025ರ ಜುಲೈ 8ರಂದು ಬಾಗಿಲು ಹಾಕಿ, ಅವರವರ ಪಟ್ಟಿಯನ್ನು ಇಳಿಸಿಕೊಳ್ಳಲು ಕೆಲವು ತಿಂಗಳ ಗಡುವು ಕೊಟ್ಟಿತು. ನನ್ನ ವಹಿಗೆ ಇರುವೆ ಹತ್ತಿದೆ, ಒಂದೆರಡು ಹಾಳೆಗಳ ಮೇಲೆ ಚಹಾ ಚೆಲ್ಲಿದೆ, ಆದರೂ ಅದು ಇನ್ನೂ ತೆರೆಯುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಳೆದುಹೋದ ಪುಟಗಳಲ್ಲಿ ಕೆಲವನ್ನು ಮರಳಿ ಹುಡುಕಲು ಸಾಧ್ಯವಾಯಿತು, ಉಳಿದವನ್ನು ಆಗಲಿಲ್ಲ. ವ್ಯತ್ಯಾಸವಿದ್ದದ್ದು ನಾನು ಬರೆದಿಟ್ಟುಕೊಂಡ ರೀತಿಯಲ್ಲಿ. ಲೇಖನದ ಶೀರ್ಷಿಕೆ, ಬರೆದವರ ಹೆಸರು, ಪ್ರಕಟವಾದ ದಿನಾಂಕ ಮತ್ತು ಎರಡು ಸಾಲಿನ ಸಾರಾಂಶವನ್ನು ಟಿಪ್ಪಣಿ ಮಾಡಿದ್ದಲ್ಲೆಲ್ಲ ಅದೇ ಬರಹ ಮತ್ತೊಂದು ತಾಣದಲ್ಲೋ ಪುಸ್ತಕದಲ್ಲೋ ಸಿಕ್ಕಿತು. ಪೂರ್ಣ ವಿಳಾಸವನ್ನು ಬರೆದಿದ್ದಲ್ಲಿ, ಬ್ರೂಸ್ಟರ್ ಕಾಹ್ಲೆ ಅವರು 1996ರಲ್ಲಿ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಆ ವಿಳಾಸವನ್ನು ಕೊಟ್ಟು, ಪುಟದ ಹಳೆಯ ಪ್ರತಿಯನ್ನು ಎಷ್ಟೋ ಸಲ ನೋಡಲಾಯಿತು. ಉದ್ದನೆಯ ವಿಳಾಸದ ಬದಲು ಮೊಟಕುಗೊಳಿಸಿದ ಏಳೆಂಟು ಅಕ್ಷರಗಳ ಕೊಂಡಿಯನ್ನು ಮಾತ್ರ ಬರೆದಿದ್ದ ಕಡೆ ಉಳಿದದ್ದು ಸೊನ್ನೆ, ಏಕೆಂದರೆ ಅದರಲ್ಲಿ ತಾಣದ ಹೆಸರೂ ಇಲ್ಲ, ವಿಷಯದ ಸುಳಿವೂ ಇಲ್ಲ. ಗೂಗಲ್ ಸಂಸ್ಥೆಯೇ ತನ್ನ ಮೊಟಕು ಕೊಂಡಿಗಳನ್ನು 2025ರ ಆಗಸ್ಟ್ 25ರಿಂದ ನಿಲ್ಲಿಸುವುದಾಗಿ ಘೋಷಿಸಿ, ಬಳಿಕ ಬಳಕೆಯಲ್ಲಿರುವವನ್ನು ಮಾತ್ರ ಉಳಿಸಿಕೊಳ್ಳುವುದಾಗಿ ತಿದ್ದಿಕೊಂಡಿತೆಂಬುದನ್ನು ಇಲ್ಲಿ ನೆನೆಯಬಹುದು.

ತಮ್ಮ ಅಂಕಣದಲ್ಲಿ ಅಚ್ಚಾಗುತ್ತಿರುವುದು ಇಂಥ ಮೊಟಕು ಕೊಂಡಿಗಳೇ. ಅವುಗಳ ಪಕ್ಕದಲ್ಲಿ ಒಂದು ಕ್ಯೂಆರ್ ಚೌಕವಿರುತ್ತದೆ. ಶಾಯಿ ತುಸು ಹರಡಿದ ದಿನ ಫೋನು ಅದನ್ನು ಓದುವುದೇ ಇಲ್ಲ. ಜಾಗದ ಕೊರತೆ ನನಗೆ ಅರ್ಥವಾಗುತ್ತದೆ. ಆದರೆ ವಾರಕ್ಕೆ ಐದು ಕೊಂಡಿಗಳ ಬದಲು ಮೂರನ್ನೇ ಕೊಟ್ಟು, ಪ್ರತಿಯೊಂದಕ್ಕೂ ಶೀರ್ಷಿಕೆ, ಲೇಖಕರು, ತಾಣದ ಹೆಸರು ಮತ್ತು ದಿನಾಂಕವನ್ನು ಸೇರಿಸಿದರೆ, ಪುರವಣಿಯ ಆ ತುಣುಕನ್ನು ಕತ್ತರಿಸಿಟ್ಟುಕೊಂಡವರಿಗೆ ಹತ್ತು ವರ್ಷಗಳ ನಂತರವೂ ಉಪಯೋಗವಾದೀತು.

ದಿನಾಂಕದ ಮೇಲೆ ಇಷ್ಟು ಒತ್ತು ಏಕೆಂದು ಬೇರೆ ಭಾಗದವರಿಗೆ ಅನಿಸಬಹುದು; ನಮ್ಮ ಭಾಗದವರಿಗೆ ಅನಿಸದು. ಗುಲ್ಬರ್ಗವು ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದದ್ದು 2019ರಲ್ಲಿ. ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರದ ಬಗ್ಗೆ 2007ರಲ್ಲಿ ಬರೆದ ಲೇಖನವನ್ನು ‘ಯಾದಗಿರಿ ಜಿಲ್ಲೆ’ ಎಂದು ಹುಡುಕಿದರೆ ಅದು ಸಿಗುವುದು ಅನುಮಾನ, ಏಕೆಂದರೆ ಬರೆದವರು ಅದನ್ನು ಗುಲ್ಬರ್ಗ ಜಿಲ್ಲೆಯೆಂದೇ ಬರೆದಿರುತ್ತಾರೆ. ಬರಹ ಯಾವ ವರ್ಷದ್ದೆಂದು ಗೊತ್ತಿದ್ದರೆ ಯಾವ ಹೆಸರಿನಿಂದ ಹುಡುಕಬೇಕೆಂಬುದೂ ಗೊತ್ತಾಗುತ್ತದೆ.

ಇನ್ನೊಂದು ಕೋರಿಕೆಯಿದೆ. ಅಂಕಣಕ್ಕೆ ಆರಿಸಿದ ಪುಟವನ್ನು ಪ್ರಕಟಿಸುವ ಮುನ್ನ ತಮ್ಮ ಸಿಬ್ಬಂದಿ ವೇಬ್ಯಾಕ್ ಮಷೀನಿನಲ್ಲಿ ಅದರ ಪ್ರತಿಯೊಂದನ್ನು ಉಳಿಸಿಡಲಿ. ಪುಟದ ವಿಳಾಸವನ್ನು ಅಲ್ಲಿನ ಚೌಕದಲ್ಲಿ ತುಂಬಿ ಗುಂಡಿ ಒತ್ತಿದರೆ ಸಾಕು, ಹಣ ಕೊಡಬೇಕಾಗಿಲ್ಲ. ಆ ಭಂಡಾರವೂ 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಕೆಲವು ದಿನ ಬಂದ್ ಆಗಿತ್ತಾದ್ದರಿಂದ, ತೀರಾ ಬೇಕಾದವುಗಳ ಪಿಡಿಎಫ್ ಪ್ರತಿಯನ್ನು ಓದುಗರು ತಮ್ಮಲ್ಲಿಯೂ ಇಟ್ಟುಕೊಳ್ಳುವುದು ಲೇಸು. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ. ಫೈಲಿನ ಹೆಸರಿನಲ್ಲಿಯೇ ವಿಷಯವನ್ನೂ ವರ್ಷವನ್ನೂ ಬರೆಯುವುದನ್ನು ಮೊಮ್ಮಗಳು ಕಲಿಸಿಕೊಟ್ಟಿದ್ದಾಳೆ.

ತಮ್ಮ ಪತ್ರಿಕೆಯ ಜಾಲತಾಣವನ್ನು ಹೊಸದಾಗಿ ರೂಪಿಸಿದಾಗ ಹಳೆಯ ಲೇಖನಗಳ ವಿಳಾಸಗಳು ಬದಲಾದವೆಂಬುದನ್ನೂ ವಿನಯದಿಂದ ನೆನಪಿಸುತ್ತೇನೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ತಾನಾಗಿಯೇ ಕಳುಹಿಸುವ ಏರ್ಪಾಡು ತಾಂತ್ರಿಕವಾಗಿ ಕಷ್ಟದ್ದಲ್ಲ. ನನ್ನ ವಹಿಯಲ್ಲಿ ತಮ್ಮ ಪತ್ರಿಕೆಯದೇ ಹನ್ನೊಂದು ಲೇಖನಗಳಿವೆ. ಅವುಗಳ ಶೀರ್ಷಿಕೆ ಮತ್ತು ದಿನಾಂಕಗಳ ಪಟ್ಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಅವು ಈಗ ಎಲ್ಲಿವೆಯೆಂದು ತಿಳಿಸಿದರೆ ಉಪಕಾರವಾದೀತು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಕಲಬುರಗಿ