ಮೊಣಕಾಲಿಗೊಂದು ವರ್ಷ, ಪಕ್ಕದ ಮನೆ ಅಜ್ಜನಿಗೊಂದು ಥ್ಯಾಂಕ್ಸ್

ಕಳೆದ ಭಾನುವಾರ ಓಡಿದೆ. ಬಸ್ ಹಿಡಿಯೋಕೆ ಅಲ್ಲ, ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ, ಸುಮ್ನೆ ಓಡಿದೆ. ಇಲ್ಲಿ ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ, ಕೋಟೆಯ ಕೆಳಗೆ ನೋರ್ ನದಿಯ ಪಕ್ಕದಲ್ಲಿ ಒಂದು ಕಾಲುದಾರಿ ಇದೆ. ಹೋದ ವರ್ಷ ಅದರ ಬೆಂಚಿನ ಮೇಲೆ ಕೂತು ಬೇರೆಯವರು ಓಡೋದನ್ನ ನೋಡಿ ಹೊಟ್ಟೆ ಉರಿಸಿಕೊಂಡಿದ್ದೆ. ಈ ಸಲ ಬೆಂಚಿನ ಮೇಲೆ ಬೇರೆಯವರಿದ್ದರು, ಓಡಿದ್ದು ನಾನು.

ಏನಾಯ್ತು, ಎಷ್ಟು ಹೊಲಿಗೆ, ಎಷ್ಟು ಸ್ಕ್ಯಾನ್ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಎಲ್ಲರ ತಲೆ ತಿಂದಿದ್ದೇನೆ, ಮತ್ತೆ ಬರೆಯಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಕ್ರಿಕೆಟ್ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿಯಿತು, ಆಪರೇಷನ್ ಆಯ್ತು, ಎಲ್ಲರೂ ಬೇಡ ಬೇಡ ಅಂದರೂ ಐದನೇ ತಿಂಗಳಿಗೇ ಬ್ಯಾಟ್ ಹಿಡಿದೆ, ಮತ್ತೆ ಹರಿಯಿತು. ಎರಡನೇದು ಪೂರ್ತಿ ನನ್ನದೇ ತಪ್ಪು. ಆ ಎರಡನೇ ಆಪರೇಷನ್‌ಗೆ ಮೊನ್ನೆ ಒಂದು ವರ್ಷ ತುಂಬಿತು.

ಸರ್ಜನ್‌ಗೆ, ನನ್ನ ಗೊಣಗಾಟ ಕೇಳಿಸಿಕೊಂಡೇ ಕಾಲು ಮಡಿಚಿಸಿದ ಫಿಸಿಯೋ ಮೇಡಂಗೆ, ಆರು ವಾರ ಮನೆಯಿಂದ ಕೆಲಸ ಮಾಡೋಕೆ ಬಿಟ್ಟ ಆಫೀಸಿಗೆ, ವಾಟರ್‌ಫರ್ಡ್‌ನಿಂದ ಸಾರು, ಪಲ್ಯ, ಚಪಾತಿ ಡಬ್ಬಿ ಹೊತ್ತು ತಂದ ಎರಡು ಕನ್ನಡ ಮನೆಯವರಿಗೆ, ದಿನಾ ಕಾರ್ ಕೊಟ್ಟ ಕ್ಲಬ್ಬಿನ ಹುಡುಗರಿಗೆ, ತಿಪಟೂರಿನಿಂದ ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡಿ "ಕೊಬ್ಬರಿ ಎಣ್ಣೆ ಹಚ್ಚಿದ್ಯೇನೋ" ಅಂತ ಕೇಳಿದ ಅಮ್ಮನಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕಾಗುತ್ತೆ. ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆ ಪೇಷಂಟ್‌ಗಳನ್ನ ನೋಡಿ ಬಂದು ಮನೆಯಲ್ಲೂ ಒಬ್ಬ ಪೇಷಂಟ್, ಅದೂ ಹಠಮಾರಿ. ಅವಳ ಲೆಕ್ಕ ನಾನು ಬೇರೆ ತೀರಿಸಬೇಕು.

ಉಳಿದಿದ್ದೆಲ್ಲ ಪಕ್ಕದ ಮನೆ ಅಜ್ಜನಿಗೆ.

ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯಲ್ಲ. ಅದೂ ಅಲ್ಲದೆ ಎಂಬತ್ತು ಹತ್ತಿರದ ಮನುಷ್ಯನನ್ನ ಹೆಸರು ಹಿಡಿದು ಕರೆಯೋಕೆ ಏಳು ವರ್ಷ ಆದರೂ ನನಗೆ ಬಾಯಿ ಬಂದಿಲ್ಲ. ಇಲ್ಲಿ ಎಲ್ಲರೂ ಹಾಗೇ ಕರೀತಾರೆ. ನಾನು ಮಾತ್ರ ಏನೂ ಕರೆಯದೆ ಹಲೋ ಅಂತ ಶುರು ಮಾಡಿಬಿಡ್ತೀನಿ. ಮನೆಯೊಳಗೆ ನಮಗೆ ಅವರು ಅಜ್ಜ.

ಎರಡನೇ ಆಪರೇಷನ್ ಆಗಿ ಮನೆಗೆ ಬಂದ ಮರುದಿನದ ರಾತ್ರಿ. ಹೆಂಡತಿಗೆ ನೈಟ್ ಡ್ಯೂಟಿ, ಬದಲಿಗೆ ಯಾರೂ ಸಿಕ್ಕಿರಲಿಲ್ಲ. ಮಗಳು ಮೇಲೆ ಮಲಗಿದ್ದಳು. ನನಗೆ ಮೆಟ್ಟಿಲು ಹತ್ತೋಕೆ ಆಗಲ್ಲ, ಕೆಳಗೆ ಸೋಫಾ ಮೇಲೆ. ಹನ್ನೊಂದು ಗಂಟೆ ಹೊತ್ತಿಗೆ ಮರಗಟ್ಟಿಸಿದ ಔಷಧಿಯ ಪರಿಣಾಮ ಇಳಿಯಿತು, ನುಂಗಿದ ಮಾತ್ರೆ ವಾಂತಿಯಾಗಿ ಹೋಯಿತು. ನೋವು ಹೇಗಿತ್ತು ಅಂತ ವರ್ಣನೆ ಮಾಡಲ್ಲ. ವಾರ್ಡಿನಿಂದ ಹೆಂಡತಿ ಫೋನ್ ಮಾಡಿದಾಗ ನನ್ನ ದನಿ ಕೇಳಿ ಅವಳು ಒಂದೇ ಮಾತು ಅಂದಳು: "ಫೋನ್ ಇಡು." ಐದು ನಿಮಿಷಕ್ಕೆ ಬಾಗಿಲು ತೆರೆಯಿತು. ಪೈಜಾಮದ ಮೇಲೆ ರೇನ್‌ಕೋಟ್, ಕಾಲಲ್ಲಿ ಮನೆ ಚಪ್ಪಲಿ, ಒಂದು ಕೈಯಲ್ಲಿ ಫ್ರೀಜರ್‌ನ ಬಟಾಣಿ ಪ್ಯಾಕೆಟ್, ಇನ್ನೊಂದು ಕೈಯಲ್ಲಿ ಹರ್ಲಿ.

ಹರ್ಲಿ ಅಂದರೆ ಇಲ್ಲಿನ ಹರ್ಲಿಂಗ್ ಅನ್ನೋ ಆಟದ ಕೋಲು. ಆಶ್ ಮರದ ಬುಡದಲ್ಲಿ ಬೇರಿನ ಕಡೆಗೆ ಬಾಗಿರೋ ಭಾಗದಿಂದ ಕೆತ್ತೋದು, ತುದಿ ಹುಟ್ಟಿನ ಹಾಗೆ ಅಗಲ. ಅಜ್ಜನ ಹರ್ಲಿಯ ತುದಿಗೆ ತಗಡಿನ ಪಟ್ಟಿ ಬಿಗಿದು ಸಣ್ಣ ಮೊಳೆ ಹೊಡೆದಿತ್ತು, ಹಿಡಿಕೆಯ ಟೇಪ್ ಬೆವರು ಹತ್ತಿ ಹತ್ತಿ ಕರ್ರಗಾಗಿತ್ತು. "ಬಾತ್‌ರೂಮಿಗೆ ಹೋಗೋಕೆ ಊರುಗೋಲಿಗಿಂತ ಇದೇ ವಾಸಿ" ಅಂದರು. ವಾಸಿ ಏನೂ ಇರಲಿಲ್ಲ, ಬಿಡಿ. ಆದರೆ ಅವತ್ತು ರಾತ್ರಿ ಮೂರು ಸಲ ಅದನ್ನೇ ಊರಿಕೊಂಡು, ಇನ್ನೊಂದು ಕೈ ಅವರ ಹೆಗಲ ಮೇಲೆ ಹಾಕಿ ಹೋದೆ.

ಬಟಾಣಿ ಪ್ಯಾಕೆಟ್ಟಿಗೆ ಟವೆಲ್ ಸುತ್ತಿ ಮೊಣಕಾಲ ಮೇಲಿಟ್ಟು, ಕುರ್ಚಿ ಎಳೆದುಕೊಂಡು, ಸಮಾಧಾನದ ಒಂದು ಮಾತೂ ಆಡದೆ ಹರ್ಲಿಂಗ್ ಆಟಗಾರ ಹೆನ್ರಿ ಶೆಫ್ಲಿನ್ ಕಥೆ ಶುರು ಮಾಡಿದರು. ಹರಿಕಥೆ ದಾಸರ ಹಾಗೆ, ಬೆಳಗಿನವರೆಗೆ. ಅವರ ಇಂಗ್ಲಿಷ್ ನನಗೆ ಮಾಮೂಲಿ ದಿನದಲ್ಲೇ ಅರ್ಧ ಅರ್ಥ ಆಗೋದು, ಆ ರಾತ್ರಿ ಕಾಲು ಭಾಗ. ಕಾಲಿನ ಮಾತು ಬೇಡ ಬಿಡಿ.

ಹೆನ್ರಿ ಹೆಸರು ಈ ಊರಿಗೆ ಬಂದ ಮೊದಲ ವಾರದಲ್ಲೇ ಕೇಳಿದ್ದೆ, ಕೇಳದೆ ಇರೋಕೆ ಆಗಲ್ಲ. ಇಲ್ಲಿಂದ ತೆಂಕಣಕ್ಕೆ ಬ್ಯಾಲಿಹೇಲ್ ಅಂತ ಸಣ್ಣ ಹಳ್ಳಿ, ಅಲ್ಲಿ ಹೆನ್ರಿ ಮನೆಯವರದ್ದು ಒಂದು ಪಬ್. 1979ರಲ್ಲಿ ಹುಟ್ಟಿದ ಹುಡುಗ, ಕಿಲ್ಕೆನ್ನಿ ಕೌಂಟಿ ಪರವಾಗಿ ಹತ್ತು ಆಲ್ ಐರ್ಲೆಂಡ್ ಗೆದ್ದ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಆಲ್ ಐರ್ಲೆಂಡ್ ಅಂದರೆ ಕೌಂಟಿಗಳ ನಡುವಿನ ದೊಡ್ಡ ಕಪ್. ಅಲ್ಲಿಯವರೆಗೆ ಮೈದಾನದಲ್ಲಿ ಆಡಿಯೇ ಗೆದ್ದವರಲ್ಲಿ ಕಾರ್ಕ್‌ನ ಕ್ರಿಸ್ಟಿ ರಿಂಗ್ ಮತ್ತು ಟಿಪ್ಪರೇರಿಯ ಜಾನ್ ಡಾಯ್ಲ್ ಅವರದ್ದು ಎಂಟು, ಅದನ್ನ ಯಾರೂ ಮುಟ್ಟಲ್ಲ ಅಂತಿದ್ದರಂತೆ. ಚಾಂಪಿಯನ್‌ಶಿಪ್‌ನಲ್ಲಿ 27 ಗೋಲು, 484 ಪಾಯಿಂಟ್. ಚೆಂಡು ಬಾರ್ ಕೆಳಗೆ ಹೋದರೆ ಗೋಲು, ಅಂದರೆ ಮೂರು ಪಾಯಿಂಟ್; ಮೇಲಿಂದ ಹೋದರೆ ಒಂದು. ಇಷ್ಟಕ್ಕೂ ಸಂಬಳ ಇಲ್ಲ. ಈ ಆಟದಲ್ಲಿ ಯಾರಿಗೂ ಇಲ್ಲ. ಭಾನುವಾರ ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಂನಲ್ಲಿ ಎಂಬತ್ತು ಸಾವಿರ ಜನರ ಮುಂದೆ ಆಡಿದವನು ಆಮೇಲೆ ಬ್ಯಾಂಕ್ ಕೆಲಸಕ್ಕೆ ಹೋಗಬೇಕು. ಆಗಿನ ಕೋಚ್ ಬ್ರಯಾನ್ ಕೋಡಿ ಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದರು. ನಮ್ಮಲ್ಲಿ ಒಂದು ಐಪಿಎಲ್ ಸೀಸನ್ ಆಡಿದವನ ಜೊತೆ ಹೋಲಿಸಿ ನೋಡಿ, ಬೇಡ, ಹೋಲಿಸಬೇಡಿ.

ಆಟ ಹೇಗಿರುತ್ತೆ ಅಂತ ಊರಿನವರು ಕೇಳಿದರೆ ನಾನು ಹೇಳೋದು ಹೀಗೆ: ಚಿನ್ನಿದಾಂಡು ಮತ್ತೆ ಹಾಕಿ ಒಂದೇ ಮನೆಯಲ್ಲಿ ಬೆಳೆದ ಅಣ್ಣ ತಮ್ಮ ಆಗಿದ್ದರೆ, ಅವರಿಬ್ಬರ ಜಗಳ ಹರ್ಲಿಂಗ್ ಥರ ಇರುತ್ತೆ. ಚೆಂಡನ್ನ ಕೋಲಲ್ಲಿ ಎತ್ತಿ, ಕೈಯಿಂದ ಸ್ವಲ್ಪ ಮೇಲೆ ಹಾರಿಸಿ, ಬೀಳೋದರೊಳಗೆ ಹೊಡೀಬೇಕು. ಹೊಡೆಯುವಾಗ ಪಕ್ಕದವನ ಕೋಲು ನಿಮ್ಮ ಬೆರಳ ಮೇಲೆ ಬೀಳುತ್ತೆ.

ಆದರೆ ಅಜ್ಜ ಆ ರಾತ್ರಿ ಪದಕಗಳಿಂದ ಶುರು ಮಾಡಲಿಲ್ಲ. 2010ರಿಂದ ಶುರು ಮಾಡಿದರು.

ಕಿಲ್ಕೆನ್ನಿ 2006ರಿಂದ ಸತತ ನಾಲ್ಕು ವರ್ಷ ಗೆದ್ದಿತ್ತು. ಐದನೇದೂ ಬಂದರೆ ಹರ್ಲಿಂಗ್ ಚರಿತ್ರೆಯಲ್ಲೇ ಮೊದಲು. ಆಗಸ್ಟ್ ತಿಂಗಳ ಸೆಮಿಫೈನಲ್‌ನಲ್ಲಿ, ಕಾರ್ಕ್ ಎದುರು, ಹೆನ್ರಿಯ ಮೊಣಕಾಲು ಹೋಯಿತು. ನನ್ನದು ಹೋದದ್ದೇ ಲಿಗಮೆಂಟ್. ಫೈನಲ್‌ಗೆ ನಾಲ್ಕು ವಾರ. ಆಪರೇಷನ್ ಮುಂದಕ್ಕೆ ಹಾಕಿ, ಲಿಮೆರಿಕ್‌ನ ಹೆಸರಾಂತ ಫಿಸಿಯೋ ಜೆರ್ ಹಾರ್ಟ್‌ಮನ್ ಹತ್ತಿರ ಹೋಗಿ ಕಾಲನ್ನ ಹೇಗಾದರೂ ನಿಲ್ಲಿಸೋ ಪ್ರಯತ್ನ ಮಾಡಿದರು. ಫೈನಲ್‌ಗೆ ಮೊದಲು ಇಲ್ಲಿನ ನೋಲನ್ ಪಾರ್ಕ್ ಮೈದಾನದಲ್ಲಿ ಪ್ರಾಕ್ಟೀಸ್ ನೋಡೋಕೆ ಜನರನ್ನ ಬಿಟ್ಟಾಗ ಸಾವಿರಾರು ಜನ ಬಂದಿದ್ದು ಒಂದೇ ಒಂದು ಮೊಣಕಾಲು ನೋಡೋಕೆ. ಅಜ್ಜನೂ ಹೋಗಿದ್ದರು. "ನಾನು ಚೆಂಡು ನೋಡಲೇ ಇಲ್ಲ, ಅವನು ತಿರುಗೋದನ್ನ ನೋಡ್ತಿದ್ದೆ" ಅಂದರು.

ಸೆಪ್ಟೆಂಬರ್ 5, ಟಿಪ್ಪರೇರಿ ಎದುರು ಫೈನಲ್. 13 ನಿಮಿಷ. ಅಷ್ಟೇ. ಹೆನ್ರಿ ಹೊರಗೆ ನಡೆದ. ಟಿಪ್ಪರೇರಿಯ ಲಾರ್ ಕಾರ್ಬೆಟ್ ಮೂರು ಗೋಲು ಹೊಡೆದ, ಐದನೇ ಕಪ್ ಹೋಯಿತು. ಅಜ್ಜ ಅವತ್ತು ಸ್ಟ್ಯಾಂಡಿನಲ್ಲಿದ್ದರು. ಅದನ್ನ ಹೇಳುವಾಗ ಅವರ ಕೈ ನನ್ನ ಮೊಣಕಾಲ ಮೇಲಿನ ಬಟಾಣಿ ಪ್ಯಾಕೆಟ್ಟನ್ನ ಸುಮ್ಮನೆ ಒತ್ತುತ್ತಿತ್ತು. ಕರಗಿ ನೀರು ಸೋಫಾಕ್ಕೆ ಇಳಿಯುತ್ತಿತ್ತು, ಇಬ್ಬರೂ ನೋಡಲಿಲ್ಲ. ಆ ಕಲೆ ಇನ್ನೂ ಇದೆ.

ಆಗ ನಾನು ಅತ್ತೆ. ಎರಡು ಗಂಟೆ ಇರಬೇಕು. ನೋವಿಗೆ ಅಂತ ಹೇಳಿಕೊಂಡೆ, ನೋವಿಗಲ್ಲ. ನನಗೆ ನಲವತ್ತು, ಇನ್ನು ಮುಗೀತು, ಮಗಳ ಜೊತೆ ಪಾರ್ಕಿನಲ್ಲೂ ಓಡೋಕಾಗಲ್ಲ, ಎಲ್ಲ ನಾನೇ ಮಾಡಿಕೊಂಡಿದ್ದು ಅಂತ. ಅಪ್ಪ ಹೋದಾಗ ವಿಮಾನ ಸಿಗದೆ ಫೋನಿನಲ್ಲಿ ಮಣ್ಣು ನೋಡಿದವನು ನಾನು, ಅವತ್ತೂ ಹೀಗೆ ಬಾಯಿ ಬಿಟ್ಟು ಅತ್ತಿರಲಿಲ್ಲ. ಬಹುಶಃ ಅದೂ ಇದರಲ್ಲೇ ಬಂತು. ಅಜ್ಜ ಎದ್ದು ಕೆಟಲ್ ಆನ್ ಮಾಡಿದರು. ನಾನು ಅತ್ತು ಮುಗಿಸೋವರೆಗೆ ಬೆನ್ನು ಮಾಡಿಕೊಂಡು ಅಡುಗೆ ಮನೆಯಲ್ಲೇ ನಿಂತಿದ್ದರು. ಆ ಬೆನ್ನಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ.

ಚಹಾ ಕುಡೀತಾ ಕೇಳಿದೆ, ಹೆನ್ರಿ ಆ ಫೈನಲ್ ಆಡಿದ್ದು ತಪ್ಪಲ್ವಾ ಅಂತ. ಅವರು ತುಂಬಾ ಹೊತ್ತು ಯೋಚನೆ ಮಾಡಿದರು. "ಆಡದೆ ಇದ್ದಿದ್ದರೆ ಅವನು ಹೆನ್ರಿನೇ ಆಗ್ತಿರಲಿಲ್ಲ" ಅಂದರು. ಆಮೇಲೆ ನನ್ನ ಕಾಲು ನೋಡಿ, "ಆದ್ರೆ ನೀನು ಹೆನ್ರಿ ಅಲ್ಲಪ್ಪಾ. ನಿನ್ನ ಮೊಣಕಾಲು ನೋಡೋಕೆ ನೋಲನ್ ಪಾರ್ಕ್ ತುಂಬಿಲ್ಲ. ನಿನಗ್ಯಾಕೆ ಅವಸರ?"

ನಗು ಬಂತು. ನಕ್ಕರೆ ಕಾಲು ನೋಯುತ್ತೆ, ಆದರೂ ನಕ್ಕೆ. ಐದನೇ ತಿಂಗಳಿಗೆ ಬ್ಯಾಟ್ ಹಿಡಿದಾಗ ನನ್ನ ತಲೆಯಲ್ಲಿ ಇದ್ದಿದ್ದು ಅದೇ, ಯಾರೋ ಕಾಯ್ತಿದ್ದಾರೆ, ನಾನಿಲ್ಲದೆ ಟೀಮ್ ನಡೆಯಲ್ಲ ಅಂತ. ಟೀಮ್ ಚೆನ್ನಾಗೇ ನಡೀತಿತ್ತು. ನನ್ನ ಜಾಗದಲ್ಲಿ ಆಡಿದ ಹುಡುಗ ನನಗಿಂತ ಜಾಸ್ತಿ ರನ್ ಹೊಡೆದಿದ್ದ, ಸಿಟ್ಟು ಬರೋಷ್ಟು ಜಾಸ್ತಿ.

ಬೆಳಗಿನ ತನಕ ಉಳಿದ ವರ್ಷಗಳು ಬಂದವು. 2007, ಹೆನ್ರಿ ಕ್ಯಾಪ್ಟನ್, ಲಿಮೆರಿಕ್ ಎದುರು ಫೈನಲ್‌ನಲ್ಲಿ ಗೋಲು ಹೊಡೆದು, ಮೊಣಕಾಲು ಕೆಟ್ಟು, ಸೆಕೆಂಡ್ ಹಾಫ್‌ಗೆ ಬರಲೇ ಇಲ್ಲ. ಹೌದು, ಹೆನ್ರಿಯದ್ದೂ ಎರಡು ಸಲ. ಆ ಬೇಸಿಗೆಯಲ್ಲಿ ತಂಡದ ಗೋಲ್‌ಕೀಪರ್ ಒಬ್ಬರ ಹೆಂಡತಿ ಕಾರ್ ಅಪಘಾತದಲ್ಲಿ ತೀರಿಹೋಗಿದ್ದರು. ಗೆದ್ದ ಮೇಲೆ ಹೆನ್ರಿ ಆ ಗೋಲ್‌ಕೀಪರ್‌ನ ಪುಟ್ಟ ಮಗನನ್ನ ಮೇಲೆ ಕರೆದುಕೊಂಡು ಹೋಗಿ, ಅವನ ಕೈಲೂ ಆಲ್ ಐರ್ಲೆಂಡ್‌ನ ಲಿಯಾಮ್ ಮೆಕಾರ್ಥಿ ಕಪ್ ಎತ್ತಿಸಿದ. ಇಲ್ಲಿ ಅಜ್ಜ ನಿಲ್ಲಿಸಿದರು. ನಾನು ನಿದ್ದೆ ಬಂತೇನೋ ಅಂದುಕೊಂಡೆ. ಅವರ ಮನೆಯ ಅಜ್ಜಿ ಹೋಗಿದ್ದೂ ಅದೇ ವರ್ಷ ಅಂತ ತಿಂಗಳುಗಳಾದ ಮೇಲೆ ಹೆಂಡತಿಯಿಂದ ಗೊತ್ತಾಯಿತು.

ಆಮೇಲೆ 2011, ಮತ್ತೆ ಟಿಪ್ಪರೇರಿ, ಈ ಸಲ ಗೆಲುವು. 2012ರಲ್ಲಿ ಭುಜದ ಪೆಟ್ಟಿನಿಂದ ಎದ್ದು ಬಂದು ಮೂರನೇ ಸಲ ವರ್ಷದ ಆಟಗಾರ. ಆ ವರ್ಷದ ಮೊದಲ ಫೈನಲ್‌ನಲ್ಲಿ ಕೊನೆಗೆ ಪೆನಾಲ್ಟಿ ಸಿಕ್ಕಾಗ ಗೋಲಿಗೆ ಹೊಡೆಯದೆ ಬಾರ್ ಮೇಲಿಂದ ಒಂದು ಪಾಯಿಂಟ್ ತಗೊಂಡ, ಎದುರಾಳಿ ಗಾಲ್ವೇಯ ಜೋ ಕ್ಯಾನಿಂಗ್ ಕೊನೆಗೆ ಸಿಕ್ಕ ಫ್ರೀ ಹೊಡೆತದಲ್ಲಿ ಸಮ ಮಾಡಿದ, ಮತ್ತೆ ಆಡಬೇಕಾಯಿತು. ಅದು ಸರೀನಾ ತಪ್ಪಾ ಅಂತ ಅಜ್ಜ ಅವರ ತಮ್ಮನ ಜೊತೆ ಇವತ್ತಿಗೂ ಜಗಳ ಆಡ್ತಾರೆ. 2014ರಲ್ಲಿ ಹತ್ತನೇ ಪದಕ, ಬೆಂಚಿನಿಂದ ಎದ್ದು ಬಂದು. 2015ರ ಮಾರ್ಚ್‌ನಲ್ಲಿ ಸೇಂಟ್ ಪ್ಯಾಟ್ರಿಕ್ ದಿನ ಬ್ಯಾಲಿಹೇಲ್ ಜೊತೆ ಕ್ಲಬ್ ಕಪ್ ಗೆದ್ದು, ಅದೇ ತಿಂಗಳು ಕೌಂಟಿ ಆಟಕ್ಕೆ ನಮಸ್ಕಾರ. ಬೆಂಚಿನ ಭಾಗ ಅಜ್ಜ ಎರಡು ಸಲ ಹೇಳಿದರು. ಅಷ್ಟು ದೊಡ್ಡ ಆಟಗಾರ ಬೆಂಚಿನಲ್ಲಿ ಕೂತು ಕಾದ, ಅಂತ.

ಬೆಳಿಗ್ಗೆ ಎಂಟೂಕಾಲಿಗೆ ಹೆಂಡತಿ ಬಂದಾಗ ನಾನು ಮಲಗಿದ್ದೆನಂತೆ. ಅಜ್ಜ ಮಗಳಿಗೆ ಟೋಸ್ಟ್ ಮಾಡಿ ಕೊಟ್ಟು, ಜಡೆ ಹಾಕೋಕೆ ಬರದೆ ಅವಳ ಕೈಯಲ್ಲಿ ಬೈಸಿಕೊಳ್ತಾ ಇದ್ದರಂತೆ.

ಅವರಿಗೂ ಮೊಣಕಾಲು ಹೋಗಿತ್ತು, 24ನೇ ವಯಸ್ಸಿಗೆ, ಊರಿನ ಮ್ಯಾಚ್‌ನಲ್ಲಿ. ಆಗ ಬ್ಯಾಂಡೇಜ್ ಸುತ್ತಿ ಮನೆಗೆ ಕಳಿಸಿದರು, ಆಟ ಅಲ್ಲಿಗೇ ನಿಂತಿತು. ಇದನ್ನ ಅವರು ಆ ರಾತ್ರಿ ಹೇಳಲಿಲ್ಲ. ಆರು ತಿಂಗಳಾದ ಮೇಲೆ, ನಾನು ಮೆಟ್ಟಿಲು ಸರಿಯಾಗಿ ಇಳಿದ ದಿನ, ಗೇಟಿನ ಹತ್ತಿರ ಮಾತಿನ ಮಧ್ಯೆ ಹೇಳಿ ಕಸದ ಡಬ್ಬಿ ಒಳಗೆ ಎಳೆದುಕೊಂಡು ಹೋದರು.

ಭಾನುವಾರ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದು ಅವರೇ. ನಾನು ಓಡಿ ಬಂದು ಏದುಸಿರು ಬಿಡ್ತಾ ನಿಂತಾಗ ವಾಚ್ ನೋಡಿದರು. "ಹದಿನಾಲ್ಕು ನಿಮಿಷ. ಹೆನ್ರಿಗಿಂತ ಒಂದು ಜಾಸ್ತಿ."

ಸಂಜೆ ಹರ್ಲಿ ವಾಪಸ್ ಕೊಡೋಕೆ ಹೋದೆ. ಮಗಳಿಗೆ ಇರಲಿ ಅಂದರು, ಅವಳು ಈ ಬೇಸಿಗೆಯಿಂದ ಕ್ಲಬ್ಬಿನಲ್ಲಿ ಕಮೋಗಿ ಕಲೀತಿದ್ದಾಳೆ, ಹೆಣ್ಣುಮಕ್ಕಳ ಹರ್ಲಿಂಗ್. ಅವಳಿಗೆ ಇದು ತುಂಬಾ ಉದ್ದ ಆಗುತ್ತಲ್ಲ ಅಂದೆ. ಅದಕ್ಕೆ ಅವರು ಅವಳನ್ನ ನೇರ ನಿಲ್ಲಿಸಿ, ಸೊಂಟದ ಹತ್ತಿರ ಹಿಡಿಕೆಯ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದರು. ಶನಿವಾರ ಊಟಕ್ಕೆ ಬರ್ತಾರೆ, ಬಿಸಿಬೇಳೆಬಾತ್, ಖಾರ ಕಮ್ಮಿ. ಬರುವಾಗ ಗರಗಸ ತರ್ತಾರಂತೆ.