ನನ್ನ ಪರದೆಯಲ್ಲಿ ಏನು ಕಾಣಬೇಕು ಅನ್ನುವುದನ್ನು ನನಗೆ ಬಿಡಿ

ಸಂಪಾದಕರೇ,

ಆನ್‌ಲೈನ್ ಗೇಮ್ ಆಡುವವರು ನಿಮ್ಮ ಓದುಗರಲ್ಲೂ ತುಂಬಾ ಜನ ಇರುತ್ತಾರೆ ಅಂದುಕೊಂಡು ಬರೆಯುತ್ತಿದ್ದೇನೆ. ಆಡದವರಿಗೆ ಇದು ಸಣ್ಣ ವಿಷಯ ಅನಿಸಬಹುದು. ದಿನಾ ಆಡುವವರಿಗೆ ಹಾಗಲ್ಲ. ಬೇರೆಯವರು ತಮ್ಮ ಕ್ಯಾರೆಕ್ಟರಿಗೆ ಹಾಕಿದ ಸ್ಕಿನ್, ಅಂದರೆ ವೇಷ, ನನ್ನ ಪರದೆಯಲ್ಲಿ ಹೇಗೆ ಕಾಣಬೇಕು ಅಂತ ಹೇಳುವ ಅಧಿಕಾರ ನನಗಿರಬೇಕಾ, ಬೇಡವಾ? ಇರಬೇಕು ಅನ್ನುವುದು ನನ್ನ ಮಾತು. ಅದಕ್ಕೊಂದು ಗಡಿಯೂ ಇರಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಕಳೆದ ತಿಂಗಳು ನಾವು ಎಂಟು ಜನ ಸೇರಿ ಒಂದು ಬಾಸ್, ಅಂದರೆ ಆಟದೊಳಗಿನ ದೊಡ್ಡ ಶತ್ರುವನ್ನು, ಹೊಡೆಯಲು ಹೋಗಿದ್ದೆವು. ಮೂರು ವಾರದಿಂದ ಪ್ರಯತ್ನ ನಡೆದಿತ್ತು. ಆ ಬಾಸ್ ಎಲ್ಲಿ ಹೊಡೆಯುತ್ತದೋ ಅಲ್ಲಿ ನೆಲದ ಮೇಲೆ ಮೊದಲು ಕೆಂಪು ವೃತ್ತ ಮೂಡುತ್ತದೆ, ಕಣ್ಣಿಗೆ ಬಿದ್ದ ತಕ್ಷಣ ಅಲ್ಲಿಂದ ಓಡಬೇಕು. ನನ್ನ ಮುಂದೆ ನಿಂತಿದ್ದ ಗೆಳೆಯನ ಕ್ಯಾರೆಕ್ಟರಿಗೆ ಎರಡು ಭಾರಿ ರೆಕ್ಕೆ, ರೆಕ್ಕೆಯಿಂದ ಕಿಡಿ ಉದುರುತ್ತಲೇ ಇರುತ್ತದೆ, ಕಾಲ ಕೆಳಗೆ ಕೆಂಪು ಬೆಳಕು ಬೇರೆ. ವೃತ್ತ ಯಾವುದು, ಅವನ ಬೆಳಕು ಯಾವುದು ಅಂತ ಗೊತ್ತಾಗಲೇ ಇಲ್ಲ. ಸತ್ತೆ. ಟೀಮಿಗೆ ನಾನೇ ಹೀಲರ್, ಅಂದರೆ ಉಳಿದವರ ಗಾಯ ವಾಸಿ ಮಾಡುವವನು, ಹಾಗಾಗಿ ಅರ್ಧ ನಿಮಿಷದಲ್ಲಿ ಉಳಿದವರೂ ಸತ್ತರು. ಅವನ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟೋ ದಿನ ಕಾದು ಇಷ್ಟಪಟ್ಟು ಕೊಂಡ ರೆಕ್ಕೆ ಅದು, ತೆಗಿ ಅಂತ ಹೇಳಲು ಮನಸ್ಸು ಬರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಇದ್ದಿದ್ದರೆ ಅವನ ಪರದೆಯಲ್ಲಿ ರೆಕ್ಕೆ ಇರುತ್ತಿತ್ತು, ನನ್ನ ಪರದೆಯಲ್ಲಿ ನೆಲ ಕಾಣುತ್ತಿತ್ತು.

ಇದೇನು ಮಾಡಲಾಗದ ಕೆಲಸವಲ್ಲ. ಸರ್ವರ್, ಅಂದರೆ ಎಲ್ಲ ಆಟಗಾರರನ್ನೂ ಜೋಡಿಸುವ ಕಂಪ್ಯೂಟರ್, ನಮಗೆ ಚಿತ್ರ ಕಳಿಸುವುದಿಲ್ಲ. ಸಾಮಾನ್ಯವಾಗಿ ಈ ಆಟಗಾರ ಇಲ್ಲಿದ್ದಾನೆ, ಇಂಥ ನಂಬರಿನ ವೇಷ ಹಾಕಿದ್ದಾನೆ ಅನ್ನುವ ಮಾಹಿತಿ ಮಾತ್ರ ಬರುತ್ತದೆ, ಚಿತ್ರ ಬಿಡಿಸುವುದು ನಮ್ಮ ನಮ್ಮ ಕಂಪ್ಯೂಟರ್ ಅಥವಾ ಫೋನ್. ಆ ನಂಬರ್ ಬಂದಾಗ ಅದರ ಬದಲು ಸಾದಾ ವೇಷ ಬಿಡಿಸು ಅಂತ ಹೇಳಿದರೆ ಆಯಿತು. 1999ರಲ್ಲೇ ಬಂದ ಕ್ವೇಕ್ 3 ಅರೀನಾದಲ್ಲಿ ಎಲ್ಲ ಆಟಗಾರರನ್ನೂ ಒಂದೇ ಮಾಡೆಲ್‌ನಲ್ಲಿ ತೋರಿಸುವ ಆಯ್ಕೆ ಇತ್ತು. 2012ರ ಗಿಲ್ಡ್ ವಾರ್ಸ್ 2ರಲ್ಲಿ, ಆಟಗಾರರು ಪರಸ್ಪರ ಹೋರಾಡುವ ಕಡೆ ಎದುರಾಳಿಗಳನ್ನು ಮಾಮೂಲಿ ವೇಷದಲ್ಲಿ ತೋರಿಸುವ ಸೆಟ್ಟಿಂಗ್ ಇದೆ. ಫೋರ್ಟ್‌ನೈಟ್ 2024ರಲ್ಲಿ, ಸೋತವರನ್ನು ಕೆಣಕುವಂಥ ಕೆಲವು ಎಮೋಟ್‌ಗಳು, ಅಂದರೆ ಕ್ಯಾರೆಕ್ಟರಿನ ಕುಣಿತ, ಸನ್ನೆಗಳು, ನಮ್ಮ ಪರದೆಯಲ್ಲಿ ಕಾಣದ ಹಾಗೆ ಮಾಡಿಕೊಳ್ಳಲು ಬಿಟ್ಟಿತು. ಕುಣಿಯುವವನು ತನ್ನ ಪಾಡಿಗೆ ಕುಣಿಯುತ್ತಾನೆ, ಬೇಡ ಅಂದವನಿಗೆ ಅದು ಕಾಣುವುದಿಲ್ಲ. ಕುಣಿತಕ್ಕೆ ಆಗಿದ್ದು ಬಟ್ಟೆಗೆ ಯಾಕೆ ಆಗಬಾರದು?

ಹೋರಾಟದ ಆಟಗಳಲ್ಲಂತೂ ಇದು ನ್ಯಾಯದ ಪ್ರಶ್ನೆ. 2007ರಲ್ಲಿ ಟೀಮ್ ಫೋರ್ಟ್ರೆಸ್ 2 ಬಂದಾಗ ಅದರ ಒಂಬತ್ತು ಪಾತ್ರಗಳನ್ನು ದೂರದಿಂದ ಬರೀ ಆಕಾರ ನೋಡಿಯೇ ಗುರುತಿಸುವ ಹಾಗೆ ಬಿಡಿಸಿದ್ದರು. ದಪ್ಪ ದೇಹದವನು ಯಾರು, ಸಣಕಲ ಓಟಗಾರ ಯಾರು ಅಂತ ಕಣ್ಣು ಹಾಯಿಸಿದರೆ ಸಾಕಿತ್ತು. ಆಮೇಲೆ ಟೋಪಿ, ವೇಷ ಅಂತ ಒಂದೊಂದೇ ಸೇರುತ್ತಾ ಆ ಗುರುತು ಮಸುಕಾಯಿತು. ಕಾಲ್ ಆಫ್ ಡ್ಯೂಟಿ ವಾರ್‌ಝೋನ್‌ನಲ್ಲಿ ರೋಜ್ ಅನ್ನುವ ಕ್ಯಾರೆಕ್ಟರಿನ ಕಪ್ಪು ವೇಷ ಇನ್ನೂ ಜಾಸ್ತಿ ಗಲಾಟೆ ಎಬ್ಬಿಸಿತು. ಕತ್ತಲ ಮೂಲೆಯಲ್ಲಿ ನಿಂತರೆ ಆ ಕ್ಯಾರೆಕ್ಟರ್ ಕಾಣುತ್ತಲೇ ಇರಲಿಲ್ಲ. ದುಡ್ಡು ಕೊಟ್ಟು ಕತ್ತಲೆ ಕೊಂಡ ಹಾಗಾಯಿತು ಅಲ್ವಾ? ಆಟಗಾರರು ದೂರು ಕೊಟ್ಟು ಕೊಟ್ಟು, 2021ರಲ್ಲಿ ತಯಾರಕರು ಅದು ಕಣ್ಣಿಗೆ ಬೀಳುವ ಹಾಗೆ ಬದಲಿಸಬೇಕಾಯಿತು. ಅಲ್ಲಿಯ ತನಕ ಆ ಮೂಲೆಗಳಲ್ಲಿ ಸತ್ತವರಿಗೆ ಯಾವ ಆಯ್ಕೆಯೂ ಇರಲಿಲ್ಲ.

ಇನ್ನು ಕಣ್ಣಿನ ವಿಷಯ. ಮಿನುಗುವ ಬೆಳಕು ಕಂಡರೆ ಕೆಲವರಿಗೆ ಫಿಟ್ಸ್ ಬರುತ್ತದೆ, ಕೆಲವರಿಗೆ ಮೈಗ್ರೇನ್ ಶುರುವಾಗುತ್ತದೆ. ವೆಬ್ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಯಾವುದೂ ಸೆಕೆಂಡಿಗೆ 3 ಸಲಕ್ಕಿಂತ ಹೆಚ್ಚು ಮಿನುಗಬಾರದು ಅಂತ ಇದೆ. ಒಬ್ಬೊಬ್ಬರ ವೇಷ ಬಿಡಿಯಾಗಿ ನೋಡಿದರೆ ಸರಿಯಾಗೇ ಇರಬಹುದು, ಆದರೆ ಮೂವತ್ತು ಜನ ಒಂದೇ ಕಡೆ ಸೇರಿ ಎಲ್ಲರ ವೇಷವೂ ಹೊಳೆಯಲು ಶುರುವಾದರೆ ಅದನ್ನು ಯಾರು ಲೆಕ್ಕ ಹಾಕಿರುತ್ತಾರೆ? ಹಳೆಯ ಫೋನ್ ಇರುವವರ ಕಷ್ಟವೂ ಇಲ್ಲೇ ಶುರು, ಪ್ರತಿ ವೇಷವನ್ನೂ ಬೇರೆ ಬೇರೆಯಾಗಿ ಮೆಮೊರಿಗೆ ತರಬೇಕು, ಆಟ ನಿಂತು ನಿಂತು ಓಡುತ್ತದೆ.

ಎದುರು ವಾದ ನನಗೆ ಗೊತ್ತು. ನಾನೂ ಸ್ಕಿನ್ ಕೊಂಡವರಲ್ಲಿ ಒಬ್ಬ. ನಾಲ್ಕು ಜನ ನೋಡಲಿ ಅಂತಲೇ ಕೊಳ್ಳುತ್ತೇವೆ, ಯಾರೂ ನೋಡದಿದ್ದರೆ ಯಾರು ಕೊಳ್ಳುತ್ತಾರೆ, ಮಾರಾಟ ನಿಂತರೆ ಉಚಿತವಾಗಿ ಸಿಗುವ ಆಟ ನಡೆಯುವುದು ಹೇಗೆ? ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಅದಕ್ಕೇ ಎಲ್ಲ ವೇಷವೂ ಮೊದಲಿನಿಂದ ಕಾಣುವ ಹಾಗೇ ಇರಲಿ, ಬೇಡ ಅನ್ನುವವರು ಮಾತ್ರ ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಲಿ ಅನ್ನುತ್ತೇನೆ. ಹೆಚ್ಚಿನವರು ಅಷ್ಟು ದೂರ ಹೋಗುವುದೂ ಇಲ್ಲ. ಆದರೆ ನಾನು ದುಡ್ಡು ಕೊಟ್ಟಿದ್ದು ನನ್ನ ವೇಷಕ್ಕೆ. ಇನ್ನೊಬ್ಬರ ಕಣ್ಣಿಗೆ ನಾನು ದುಡ್ಡು ಕೊಟ್ಟಿಲ್ಲ.

ಈಗ ಗಡಿಯ ಮಾತು. ಇದನ್ನು ಯಾರೂ ಸರಿಯಾಗಿ ಯೋಚಿಸುತ್ತಿಲ್ಲ ಅನ್ನುವ ಚಿಂತೆ ನನಗಿದೆ. ಬೇರೆಯವರ ವೇಷ ಮರೆಮಾಡುವುದು ಬೇರೆ, ಅವರಿಗೆ ನನಗೆ ಬೇಕಾದ ಬಟ್ಟೆ ತೊಡಿಸುವುದು ಬೇರೆ. ಎರಡನೆಯದನ್ನು ಕೊಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಮಾಡ್, ಅಂದರೆ ಆಟವನ್ನು ಬದಲಿಸುವ ಹೊರಗಿನ ಫೈಲು, ಹಾಕಿಕೊಂಡು ಹೆಣ್ಣು ಕ್ಯಾರೆಕ್ಟರುಗಳ ಬಟ್ಟೆ ಕಳಚಿ ನೋಡುವವರು ಈಗಲೇ ಇದ್ದಾರೆ. ಅಂಥದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಹಂಚಿದರೆ ತಲೆಯ ಮೇಲೆ ಕಾಣುವ ಹೆಸರು ನಿಜವಾದ ಒಬ್ಬ ಹುಡುಗಿಯದ್ದಾಗಿರಬಹುದು. ಆಕೆ ಆ ಬಟ್ಟೆ ಹಾಕಿಯೇ ಇರಲಿಲ್ಲ. ಆದ್ದರಿಂದ ಬದಲಿಗೆ ಬರುವ ವೇಷ ಒಂದೇ ಇರಲಿ, ಆಟದವರೇ ಮಾಡಿದ ಮೈತುಂಬಾ ಇರುವ ಸಾದಾ ವೇಷ, ಅದನ್ನು ಆರಿಸುವ ಅವಕಾಶ ನೋಡುವವರಿಗೆ ಬೇಡ. ಹಾಗೇ ಮುಖ, ಮೈಬಣ್ಣ, ಗಂಡೋ ಹೆಣ್ಣೋ ಅನ್ನುವುದು, ಗಾಲಿಕುರ್ಚಿ, ತಲೆಗೆ ಹೊದ್ದ ಬಟ್ಟೆ, ಇವು ಯಾವುದೂ ಆ ಬಟನ್ನಿಗೆ ಸಿಗಬಾರದು. ಎಷ್ಟೋ ಜನ ತಾವು ಯಾರು ಅನ್ನುವುದನ್ನೇ ಆ ಕ್ಯಾರೆಕ್ಟರಿನಲ್ಲಿ ಮಾಡಿಕೊಂಡಿರುತ್ತಾರೆ. ಅಂಥವರನ್ನು ಪರದೆಯಿಂದ ಅಳಿಸಿಕೊಂಡು ಆಡಲು ಯಾರಿಗೂ ಅನುಕೂಲ ಮಾಡಿಕೊಡಬಾರದು. ರೆಕ್ಕೆ, ಕಿಡಿ, ಹೊಗೆ, ಮಿಂಚು, ಬಾಸ್‌ಗಿಂತ ದೊಡ್ಡ ಭುಜಕವಚ, ಇಷ್ಟನ್ನು ಮರೆಮಾಡಲು ಬಿಟ್ಟರೆ ಸಾಕು.

ಗೇಮ್ ತಯಾರಿಸುವ ಕಂಪನಿಗಳಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇಕು ಅಂತ ಆರಿಸಿಕೊಂಡವರಿಗೆ ಆ ಬಟನ್ ಹೋರಾಟದ ಹೊತ್ತಿಗೆ ತಾನಾಗಿ ಆನ್ ಆಗಿ, ಮುಗಿದ ಮೇಲೆ ಆಫ್ ಆಗುವ ಹಾಗೂ ಮಾಡಿಕೊಡಿ. ಬಾಸ್ ಸತ್ತ ಮೇಲೆ ನಾವೆಲ್ಲ ಆಟದೊಳಗಿನ ಊರಿನ ಚೌಕಕ್ಕೆ ಬಂದು ಬಾವಿ ಕಟ್ಟೆ ಹತ್ತಿರ ಕೂತು ಹರಟುತ್ತೇವೆ. ಅಲ್ಲಿ ನನಗೆ ಆ ಗೆಳೆಯನ ರೆಕ್ಕೆ ನೋಡಬೇಕು, ಕಿಡಿ ಸಮೇತ.

ಇಂತಿ,
ಒಬ್ಬ ಓದುಗ